ಅವಳ ಅಚ್ಚು, ನನ್ನ ಅರ

ಮಾರ್ಚ್ ೩, ಸೋಮವಾರ

ಎರಡು ನೋಟ್‌ಬುಕ್ ತಂದೆ. ಒಂದು ಅವಳಿಗೆ, ಮಾತಿನ ಬದಲು ಬರೆಯಲು. ಇನ್ನೊಂದು ಹಾಗೇ ಉಳಿಯಿತು. ಸುಮ್ಮನೆ ಯಾಕೆ ಬಿಡಬೇಕೆಂದು ಇದರಲ್ಲಿ ನಾನು ಬರೆಯುತ್ತಿದ್ದೇನೆ.

ಕಳೆದ ಗುರುವಾರ ಹೆಂಡತಿಯ ಗಂಟಲಿನ ಆಪರೇಷನ್ ಆಯಿತು. ಧ್ವನಿಯ ತಂತುವಿನ ಮೇಲೆ ಬೆಳೆದಿದ್ದ ಗಂಟನ್ನು ತೆಗೆದು ಪರೀಕ್ಷೆಗೆ ಕಳಿಸಿದ್ದಾರೆ. ವರದಿ ಬರಲು ಎರಡು ವಾರ. ಐದು ವಾರ ಒಂದಕ್ಷರ ಮಾತಾಡಬಾರದು, ಪಿಸುಗುಟ್ಟಲೂಬಾರದು ಎಂದು ಡಾಕ್ಟರಮ್ಮ ಕಡ್ಡಿ ಮುರಿದ ಹಾಗೆ ಹೇಳಿದ್ದಾರೆ.

ಮನೆಯಲ್ಲಿ ಸದ್ದಿಲ್ಲ. ಫ್ಯಾನಿನ ಬೇರಿಂಗ್ ಕಿರುಗುಟ್ಟುತ್ತದೆ ಎಂಬುದು ಇವತ್ತು ಗೊತ್ತಾಯಿತು. ಎಣ್ಣೆ ಬಿಟ್ಟೆ.

ಮಾರ್ಚ್ ೫, ಬುಧವಾರ

ನಾದಿನಿಯ ಫೋನು. ಅಭ್ಯಾಸಬಲ, ಎತ್ತಿ ಅವಳ ಕೈಗೆ ಕೊಟ್ಟೆ. ಅವಳು ನನ್ನ ಮುಖ ನೋಡಿದಳು. ವಾಪಸು ತೆಗೆದುಕೊಂಡೆ.

“ಅಕ್ಕ ಹೇಗಿದ್ದಾಳೆ ಭಾವ?”

“ಚೆನ್ನಾಗಿದ್ದಾಳೆ.”

“ಊಟ?”

“ಆಯ್ತು.”

“ಮತ್ತೆ?”

ಮತ್ತೇನು ಹೇಳುವುದು? “ಇಡ್ಲಾ?” ಎಂದೆ. ಇಟ್ಟೆ.

ಅವಳು ನೋಟ್‌ಬುಕ್ಕಿನಲ್ಲಿ ಬರೆದು ತೋರಿಸಿದಳು: “ಫೋನ್ ಮಾಡಿದ್ರಾ, ತಂತಿ ಕಳಿಸಿದ್ರಾ?”

ಮಾರ್ಚ್ ೮, ಶನಿವಾರ

ಶನಿವಾರ ಎಂದರೆ ಅವಳ ತರಗತಿ. ಎಂಟು ವರ್ಷದಿಂದ ನಮ್ಮ ಮುಂದಿನ ಕೋಣೆಯಲ್ಲಿ ಐವರು ಹೆಂಗಸರಿಗೆ ತೊಗಲಿನ ಕೆಲಸ ಕಲಿಸುತ್ತಾಳೆ. ಪರ್ಸು, ಬೆಲ್ಟು, ಬ್ಯಾಗು, ಅವುಗಳ ಮೇಲೆ ಹೂವು ಬಳ್ಳಿ. ಐದು ಕೊಡತಿಗಳು, ಅಂದರೆ ಮರದ ಸುತ್ತಿಗೆಗಳು, ಒಟ್ಟಿಗೆ ಹಲಗೆಯ ಮೇಲೆ ಬೀಳುವಾಗ ಆ ಸದ್ದನ್ನು ಮೀರಿ ಇವಳು ಕೂಗಬೇಕು. ಗಂಟು ಬಂದದ್ದೇ ಆ ಕೂಗಿನಿಂದ ಎನ್ನುತ್ತಾರೆ ಡಾಕ್ಟರಮ್ಮ. ಫ್ಯಾಕ್ಟರಿಯಲ್ಲಿದ್ದಾಗ ಶನಿವಾರವೂ ನನಗೆ ಡ್ಯೂಟಿ. ನಿವೃತ್ತನಾದ ಮೇಲೆ ಎಂಟು ತಿಂಗಳು ಹಿಂದಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೂತಿದ್ದೆ.

ತರಗತಿ ಇಲ್ಲದಿದ್ದರೂ ಆ ಐವರಲ್ಲಿ ಇಬ್ಬರು ನೋಡಲು ಬಂದರು. ಒಬ್ಬಳು ಪಕ್ಕದ ರಸ್ತೆಯ ಟೈಲರಮ್ಮ, ಇನ್ನೊಬ್ಬರು ಬ್ಯಾಂಕಿನಲ್ಲಿ ಕೆಲಸ ಮಾಡುವವರು. ಬ್ಯಾಂಕಿನವರು ಒಂದು ಬ್ಯಾಗು ಕೇಳಿದರು, ಕಾಲೇಜಿಗೆ ಹೋಗುವ ಮಗಳಿಗೆ. “ಒಂದೇ ಕಂಡಿಷನ್ನು ಮೇಡಂ. ಅಂಗಡಿ ಹೂವು ಬೇಡ. ಅವಳ ಬ್ಯಾಗಿನ ಮೇಲಿರೋದು ಇನ್ಯಾರ ಬ್ಯಾಗಿನ ಮೇಲೂ ಇರಬಾರದು.”

ಅವರು ಹೋದ ಮೇಲೆ ಅವಳು ತನ್ನ ಅಚ್ಚುಗಳ ಡಬ್ಬಿ ತೆಗೆದು ಮೇಜಿನ ಮೇಲೆ ಸುರಿದಳು. ಬೆರಳುದ್ದದ ಉಕ್ಕಿನ ಕಡ್ಡಿಗಳು, ಹನ್ನೆರಡು. ಒದ್ದೆ ತೊಗಲಿನ ಮೇಲೆ ನಿಲ್ಲಿಸಿ ಕೊಡತಿಯಿಂದ ಒಂದೇಟು ಹಾಕಿದರೆ ತುದಿಯಲ್ಲಿರುವ ಚಿತ್ರ ತೊಗಲಿಗೆ ಇಳಿಯುತ್ತದೆ. ಎಲ್ಲವೂ ಕೊಂಡದ್ದು. ಅದೇ ಹೂವು, ಅದೇ ಎಲೆ, ಎಲ್ಲ ಅಂಗಡಿಯಲ್ಲೂ ಇರುವುದೇ. ಅವಳು ತುಂಬಾ ಹೊತ್ತು ನೋಡಿ ಮತ್ತೆ ಡಬ್ಬಿಗೆ ತುಂಬಿದಳು.

ಮಾರ್ಚ್ ೯, ಭಾನುವಾರ

ಬೆಳಿಗ್ಗೆ ಚಹಾ ಲೋಟದ ಕೆಳಗೆ ಒಂದು ಚೀಟಿ. ಒಂದು ಎಲೆಯ ಚಿತ್ರ, ಬಲಕ್ಕೆ ಬಾಗಿದ್ದು. ಕೆಳಗೆ: “ಇದನ್ನ ಮಾಡೋಕಾಗುತ್ತಾ?”

ಮೂವತ್ತನಾಲ್ಕು ವರ್ಷ ಟೂಲ್‌ರೂಮಿನಲ್ಲಿ ಫಿಟ್ಟರ್ ಆಗಿದ್ದವನನ್ನು ಕೇಳುವ ಪ್ರಶ್ನೆಯೇ ಇದು?

“ಆಗುತ್ತೆ” ಎಂದೆ.

ಮಾರ್ಚ್ ೧೧, ಮಂಗಳವಾರ

ದೊಡ್ಡ ಕಾಂಕ್ರೀಟ್ ಮೊಳೆಯೊಂದನ್ನು ತೆಗೆದುಕೊಂಡೆ. ಮೊನೆ ಕತ್ತರಿಸಿ, ಕತ್ತರಿಸಿದ ತುದಿಯನ್ನು ಚಪ್ಪಟೆ ಮಾಡಿ, ಅದರ ಮೇಲೆ ಎಲೆ ಗೀಚಿ, ಸಣ್ಣ ಅರಗಳಿಂದ ಸುತ್ತಲೂ ಉಜ್ಜಿದೆ. ಎರಡು ದಿನ ಹಿಡಿಯಿತು. ಹಳೆಯ ಅರಗಳು ಕೈಗೆ ಬಂದಾಗ ಹಳೆಯ ಸ್ನೇಹಿತರು ಸಿಕ್ಕಂತಾಯಿತು. ಅಂಚು ಎಷ್ಟು ನಾಜೂಕಾಗಿ ಬಂತೆಂದರೆ ಗಡ್ಡ ಕೆರೆಯಬಹುದು.

ಹೊಡೆದು ನೋಡಿದೆ. ತೊಗಲು ಕತ್ತರಿಸಿಹೋಯಿತು. ಎಲೆಯಾಕಾರದ ತೂತು. ಅದೂ ಅವಳು ಬ್ಯಾಗಿಗೆಂದು ತೆಗೆದಿಟ್ಟಿದ್ದ ಒಳ್ಳೆಯ ತೊಗಲು.

ಅವಳು ಬರೆದದ್ದು: “ಇದು ಚಾಕು. ನಾನು ಕೇಳಿದ್ದು ಅಚ್ಚು. ತೊಗಲನ್ನ ಒತ್ತಬೇಕು, ಕೊಯ್ಯಬಾರದು. ಚೂರು ತೊಗಲಿನ ಡಬ್ಬ ಕಣ್ಣಿಗೆ ಕಾಣ್ಲಿಲ್ವಾ?” ‘ಡಬ್ಬ’ದ ಕೆಳಗೆ ಮೂರು ಗೆರೆ.

ಬಾಯಲ್ಲಿ ಬೈದರೆ ಗಾಳಿಗೆ ಹೋಗುತ್ತದೆ. ಬರೆದು ಬೈದರೆ ಮೇಜಿನ ಮೇಲೇ ಕೂತಿರುತ್ತದೆ. ಸಂಜೆಯವರೆಗೂ ಆ ಪುಟ ತೆರೆದೇ ಇತ್ತು.

ಮಾರ್ಚ್ ೧೩, ಗುರುವಾರ

ಅಂಚುಗಳನ್ನೆಲ್ಲ ಎಮರಿ ಕಾಗದದಿಂದ ತಿಕ್ಕಿ ದುಂಡಗೆ ಮಾಡಿದೆ. ಟೂಲ್‌ರೂಮಿನಲ್ಲಿ ಯಾರಾದರೂ ಹೀಗೆ ಮಾಡಿದ್ದರೆ ಮನೆಗೆ ಕಳಿಸುತ್ತಿದ್ದರು.

ತೊಗಲಿನ ಹದ ನೋಡುವುದನ್ನು ಅವಳು ಕಲಿಸಿದಳು. ನೀರು ಸವರಿದ ಮೇಲೆ ತಕ್ಷಣ ಹೊಡೆಯಬಾರದು. ಕಪ್ಪಾದ ಬಣ್ಣ ಮತ್ತೆ ತಿಳಿಯಾಗುವತನಕ ಕಾಯಬೇಕು. ಆಮೇಲೆ ಕೆನ್ನೆಗೆ ಒತ್ತಿಕೊಂಡು ನೋಡಬೇಕು. ತಂಪಾಗಿರಬೇಕು, ಒದ್ದೆ ಅನ್ನಿಸಬಾರದು. ಇದನ್ನೆಲ್ಲ ಬರೆಯಲು ಬೇಸರವಾಗಿ ಅವಳು ಆ ಚೂರನ್ನು ಮೊದಲು ತನ್ನ ಕೆನ್ನೆಗೆ ಒತ್ತಿ, ಆಮೇಲೆ ನನ್ನ ಕೆನ್ನೆಗೆ ಒತ್ತಿದಳು. ಗೊತ್ತಾಯಿತು.

ಕೊಡತಿ ಎತ್ತಿ ಒಂದೇಟು. ಎಲೆ ಬಂತು! ನರ ಸಮೇತ ಬಂತು. ಆದರೆ ಎಡಕ್ಕೆ ಬಾಗಿತ್ತು.

ಅವಳು ನಕ್ಕಳು. ನಗುವುದಕ್ಕೂ ಸದ್ದು ಮಾಡಬಾರದು. ಬಾಯಿ ಗಟ್ಟಿಯಾಗಿ ಮುಚ್ಚಿಕೊಂಡು, ಭುಜ ಕುಣಿಸಿ, ಕಣ್ಣಲ್ಲಿ ನೀರು ಬರುವತನಕ ನಕ್ಕು ಬರೆದಳು: “ಅಚ್ಚು ಅಂದ್ರೆ ಕನ್ನಡಿ ಇದ್ದ ಹಾಗೆ. ಉಲ್ಟಾ ಕೊರೀಬೇಕು. ಮೂವತ್ತನಾಲ್ಕು ವರ್ಷ ಕತ್ತೆ ಕಾಯ್ತಿದ್ರಾ?”

“ಪಂಪಿನ ಬಿಡಿಭಾಗ ಮಾಡ್ತಿದ್ದೆ ಕಣೇ. ಅದಕ್ಕೆ ಎಡ ಬಲ ಇಲ್ಲ” ಎಂದೆ.

ಅವಳಿಗೆ ಮತ್ತೂ ನಗು.

ಮಾರ್ಚ್ ೧೪, ಶುಕ್ರವಾರ

ವರದಿ ಬಂತು. ಗಂಟು ಕೆಟ್ಟದ್ದಲ್ಲ.

ಡಾಕ್ಟರಮ್ಮ ಅದನ್ನು ಹೇಳುವಾಗ ಅವರ ಮೇಜಿನ ಮೇಲಿದ್ದ ಪೆನ್ ಸ್ಟ್ಯಾಂಡಿನ ಸ್ಕ್ರೂ ಸಡಿಲವಾಗಿದ್ದದ್ದು ನನಗೆ ಕಾಣಿಸುತ್ತಿತ್ತು. ಅದನ್ನು ಬೆರಳಲ್ಲೇ ಬಿಗಿ ಮಾಡುತ್ತ ಕೂತೆ.

ಬಸ್ಸಿನಲ್ಲಿ ಅವಳು ನೋಟ್‌ಬುಕ್ ತೆಗೆದಳು. ಏನು ಬರೆಯುತ್ತಾಳೋ ಎಂದು ಬಗ್ಗಿದೆ. “ಮೊಳೆ ಎಷ್ಟಿದೆ? ಇನ್ನೊಂದಷ್ಟು ತಗೊಂಡೇ ಹೋಗೋಣ.”

ಎರಡು ಸ್ಟಾಪು ಮೊದಲೇ ಇಳಿದು ಕಬ್ಬಿಣದ ಅಂಗಡಿಗೆ ಹೋದೆವು. ಅವಳು ಕೌಂಟರಿನ ಮುಂದೆ ನಿಂತು ಬೋಲ್ಟುಗಳನ್ನು ಒಂದೊಂದಾಗಿ ತಲೆ ಒತ್ತಿ ನೋಡಿ ಆರಿಸಿದಳು. ಅಂಗಡಿಯವನು ನನ್ನನ್ನು ಕೇಳಿದ: “ಅಮ್ಮಾವ್ರಿಗೆ ಎಷ್ಟು ಎಂ.ಎಂ. ಬೇಕು ಸಾರ್?” ಅಮ್ಮಾವ್ರು ಬೆರಳಲ್ಲಿ ಎಂಟು ತೋರಿಸಿದರು. ನನಗೆ ಯಾಕೋ ಬಹಳ ಜಂಬವಾಯಿತು.

ಮಾರ್ಚ್ ೧೬, ಭಾನುವಾರ

ಇವತ್ತು ಮೂರು ಅಚ್ಚು! ಬಲಕ್ಕೆ ಬಾಗುವ ಎಲೆ ಕೊನೆಗೂ ಸರಿಬಂತು, ಉಲ್ಟಾ ಕೊರೆದು. ಎಡದ ಎಲೆಯನ್ನು ಎಸೆಯಲು ಹೋದರೆ ಅವಳು ಕಸಿದುಕೊಂಡಳು. ಎರಡೂ ಎಲೆ ಎದುರುಬದುರು ನಿಲ್ಲಿಸಿದರೆ ಚಂದದ ಅಂಚು ಆಗುತ್ತದಂತೆ. ಎರಡನೆಯದು ಮುತ್ತು: ಕಡ್ಡಿಯ ತುದಿಯಲ್ಲಿ ಡ್ರಿಲ್ಲಿನಿಂದ ಸಣ್ಣ ಗುಳಿ ತೋಡಿದರೆ ಆಯಿತು, ತೊಗಲಿನ ಮೇಲೆ ಕಾಳಿನಂತೆ ಉಬ್ಬಿ ನಿಲ್ಲುತ್ತದೆ. ಮೂರನೆಯದು ಹಿನ್ನೆಲೆಗೆ, ಬೋಲ್ಟಿನ ತುದಿಯ ಮೇಲೆ ಗರಗಸದಿಂದ ಅಡ್ಡ ನಾಲ್ಕು ಗೀರು, ಉದ್ದ ನಾಲ್ಕು ಗೀರು. ಹೂವಿನ ಸುತ್ತ ಅದನ್ನು ಹೊಡೆಯುತ್ತ ಹೋದರೆ ನೆಲ ತಗ್ಗಿ ಹೂವು ಎದ್ದು ಕಾಣುತ್ತದೆ.

ಗರಗಸ ಆಡಿಸುವಾಗ ನನ್ನ ಮೊದಲ ಫೋರ್‌ಮನ್ ನೆನಪಾದರು. ಕೆಲಸಕ್ಕೆ ಸೇರಿದ ದಿನ ಅವರು ನನ್ನ ಕೈಗೆ ಒಂದು ಕಬ್ಬಿಣದ ಗಟ್ಟಿ ಕೊಟ್ಟು, “ಇದನ್ನ ಆರೂ ಕಡೆ ಸಮ ಇರೋ ಹಾಗೆ ಉಜ್ಜು” ಎಂದಿದ್ದರು. ಹನ್ನೊಂದು ದಿನ ಉಜ್ಜಿದೆ. ಅಂಗೈ ಸುಲಿದುಹೋಗಿತ್ತು. ಹನ್ನೆರಡನೆಯ ದಿನ ಅವರು ಅದನ್ನು ಅಳೆದು, “ಸರಿಯಾಗಿದೆ” ಎಂದು ಗುಜರಿ ಡಬ್ಬಕ್ಕೆ ಎಸೆದರು. ಕಕ್ಕಸಿಗೆ ಹೋಗಿ ಅತ್ತಿದ್ದೆ. ಇದನ್ನೆಲ್ಲ ಕೆಲಸ ಮಾಡುತ್ತಲೇ ಅವಳಿಗೆ ಹೇಳಿದೆ. ಅವಳು ಕೊಡತಿ ಕೆಳಗಿಟ್ಟು ಕೇಳಿದಳು. ಆಮೇಲೆ ಬರೆದಳು:

“ಇದನ್ನ ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?”

“ನೀನು ಕೇಳ್ಲಿಲ್ಲ.”

“ಕೇಳೋಕೆ ನಾನು ಬಾಯಿ ಮುಚ್ಚಿದ್ರೆ ತಾನೇ” ಎಂದು ಬರೆದು, ತಾನೇ ಓದಿಕೊಂಡು, ತಲೆ ಅಲ್ಲಾಡಿಸಿದಳು. ಆಮೇಲೆ ಇನ್ನೊಂದು ಸಾಲು: “ಆ ಗಟ್ಟಿನ ಗುಜರಿಯಿಂದ ಎತ್ಕೊಂಡು ಬರ್ಬೇಕಿತ್ತು.”

ಮಾರ್ಚ್ ೧೮, ಮಂಗಳವಾರ

ನಾದಿನಿಯ ಫೋನು. ಅಚ್ಚಿನ ವಿಷಯ ಕೇಳಿದಳು, ಹೇಳಿದೆ. ಮೊಳೆ, ಬೋಲ್ಟು, ಎಲೆ ಉಲ್ಟಾ ಆದದ್ದು, ಕಬ್ಬಿಣದ ಅಂಗಡಿ. “ಇಡ್ಲಾ ಭಾವ? ಒಲೆ ಮೇಲೆ ಹಾಲಿಟ್ಟಿದ್ದೀನಿ” ಎಂದಳು. ಒಂದು ನಿಮಿಷ ಇರು, ಮುತ್ತಿನ ಅಚ್ಚಿನ ವಿಷಯ ಹೇಳಿಲ್ಲ ಎಂದೆ.

ಕೊನೆಗೆ ಅವಳು, “ಭಾವ, ನಿಜ ಹೇಳಿ, ನೀವೇ ಮಾತಾಡ್ತಿರೋದಾ?” ಎಂದು ಕೇಳಿದಳು. ವಿಚಿತ್ರದ ಹುಡುಗಿ. ನಾನಲ್ಲದೆ ಇನ್ಯಾರು? ಕೇಳಿದ್ದಕ್ಕೆ ಉತ್ತರ ಕೊಟ್ಟೆ ಅಷ್ಟೆ.

ಮಾರ್ಚ್ ೧೯, ಬುಧವಾರ

ಮಣಿಕಟ್ಟಿಗೆ ಬ್ಯಾಂಡೇಜು ಸುತ್ತಿದೆ. ಅಕ್ಷರ ಸರಿಯಾಗಿ ಬರುತ್ತಿಲ್ಲ.

ಅಚ್ಚನ್ನು ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಿದರೆ ಉಕ್ಕು ಗಟ್ಟಿಯಾಗುತ್ತದೆ. ತೊಗಲಿನ ಕೆಲಸಕ್ಕೆ ಅದು ಬೇಕಾಗಿಯೇ ಇಲ್ಲ. ಟೂಲ್‌ರೂಮಿನವನ ಒಣ ಜಂಬ. ಮಧ್ಯಾಹ್ನ ಅಡುಗೆಮನೆಯ ಒಲೆಯ ಮೇಲೆ ಬೋಲ್ಟು ಕಾಯಿಸಿದೆ. ಎಣ್ಣೆಯ ಡಬ್ಬಿ ಒಲೆಯ ಪಕ್ಕದಲ್ಲೇ ಇಟ್ಟಿದ್ದೆ. ಬಾಗಿಲಲ್ಲಿ ನಿಂತಿದ್ದ ಅವಳ ಕಡೆ ತಿರುಗಿ, ಫ್ಯಾಕ್ಟರಿಯಲ್ಲಿ ಒಮ್ಮೆ ಕ್ರೇನು ಕೆಟ್ಟು ಮ್ಯಾನೇಜರು ಮೇಲೆಯೇ ಸಿಕ್ಕಿಕೊಂಡ ಕಥೆ ಹೇಳುತ್ತಿದ್ದೆ. ಹೇಳುತ್ತ ಹೇಳುತ್ತಲೇ ಹಿಂದೆ ನೋಡದೆ ಬೋಲ್ಟನ್ನು ಅದ್ದಿದೆ. ಪೂರ್ತಿ ಮುಳುಗಲಿಲ್ಲ. ಭಗ್ಗೆಂದು ಹತ್ತಿಕೊಂಡಿತು. ನನಗೆ ಗೊತ್ತೇ ಆಗಲಿಲ್ಲ. ಅಂಗಿಯ ತೋಳಿಗೆ ಬೆಂಕಿ ತಗುಲಿತ್ತು.

“ರೀ! ಕೈ!”

ಅವಳು ಕೂಗಿದಳು. ಮೂರು ವಾರದಿಂದ ತಡೆದಿಟ್ಟ ಗಂಟಲು ಪೂರ್ತಿ ಹರಿದಂತೆ ಕೂಗಿದಳು. ಕೂಗುತ್ತಲೇ ಬಂದು ಒದ್ದೆ ಬಟ್ಟೆ ನನ್ನ ತೋಳಿಗೆ ಸುತ್ತಿ, ಒಲೆ ಆರಿಸಿ, ಡಬ್ಬಿಯ ಮೇಲೆ ತಟ್ಟೆ ಮುಚ್ಚಿದಳು.

ನನಗೆ ಮಣಿಕಟ್ಟಿನ ಹತ್ತಿರ ಎರಡು ಬೊಬ್ಬೆ, ಅಷ್ಟೇ. ಅವಳು ಗಂಟಲ ಮೇಲೆ ಕೈಯಿಟ್ಟುಕೊಂಡು ನೆಲದ ಮೇಲೆ ಕೂತಿದ್ದಳು.

ಮಾರ್ಚ್ ೨೦, ಗುರುವಾರ

ಡಾಕ್ಟರಮ್ಮ ಕೊಳವೆ ಇಳಿಸಿ ನೋಡಿದರು. ಮಾಯುತ್ತಿದ್ದ ಜಾಗದಲ್ಲಿ ರಕ್ತ ಬಂದಿದೆ. ಇಂದಿನಿಂದ ಮತ್ತೆ ನಾಲ್ಕು ವಾರ ಮೌನ.

“ಧ್ವನಿ ಮೊದಲಿನ ಹಾಗೆ ಬರುತ್ತಾ ಡಾಕ್ಟ್ರೇ?”

“ಈಗ ಹೇಳೋಕಾಗಲ್ಲ. ಹೇಗೆ ಮಾಯುತ್ತೋ ನೋಡೋಣ. ಅಷ್ಟಕ್ಕೂ ಯಾಕೆ ಕೂಗಿದ್ರು?”

ಹೇಳಿದೆ. ಅವರು ನನ್ನ ಬ್ಯಾಂಡೇಜು ನೋಡಿ ಏನೂ ಅನ್ನಲಿಲ್ಲ. ಏನಾದರೂ ಅಂದಿದ್ದರೆ ಚೆನ್ನಾಗಿತ್ತು.

ಅರಗಳನ್ನು ಒರೆಸಿ ಪೆಟ್ಟಿಗೆಗೆ ಹಾಕಿದೆ. ಪೆಟ್ಟಿಗೆಯನ್ನು ಅಟ್ಟಕ್ಕೆ ಹಾಕಿದೆ.

ಮಾರ್ಚ್ ೨೨, ಶನಿವಾರ

ಬರೆಯುವಂಥದ್ದೇನಿಲ್ಲ.

ಮಾರ್ಚ್ ೨೪, ಸೋಮವಾರ

ಊಟ ಮಾಡಿದೆವು. ನಾದಿನಿಯ ಫೋನು ಎರಡು ಸಲ ಬಂತು. ಎತ್ತಲಿಲ್ಲ.

ಮಾರ್ಚ್ ೨೬, ಬುಧವಾರ

ಬೆಳಿಗ್ಗೆ ದಡದಡ ಸದ್ದು. ಹೋಗಿ ನೋಡಿದರೆ ಅವಳು ಸ್ಟೂಲಿನ ಮೇಲೆ ಹತ್ತಿ ಅಟ್ಟದಿಂದ ನನ್ನ ಪೆಟ್ಟಿಗೆ ಎಳೆಯುತ್ತಿದ್ದಾಳೆ. ನಾನು ಇಳಿಸಿಕೊಟ್ಟೆ.

ಅವಳು ನನ್ನನ್ನು ಮೇಜಿನ ಮುಂದೆ ಕೂರಿಸಿ, ಎದುರು ಕೂತು, ನೋಟ್‌ಬುಕ್ಕಿನ ತುಂಬ ಬರೆದಳು. ಆ ಪುಟವನ್ನು ನನಗೇ ಕೊಟ್ಟಿದ್ದಾಳೆ. ನೋಡಿಕೊಂಡು ಇಲ್ಲಿ ಇಳಿಸುತ್ತಿದ್ದೇನೆ:

“ಈ ಮನೇಲಿ ಯಾರಾದ್ರೂ ಒಬ್ರು ಮಾತಾಡ್ಬೇಕು. ನನಗೆ ಡಾಕ್ಟ್ರು ಬೇಡ ಅಂದಿದ್ದಾರೆ. ನಿಮಗೆ ಯಾರು ಅಂದಿದ್ದಾರೆ? ಐದು ದಿನದಿಂದ ಗೋಡೆ ನೋಡ್ತಾ ಕೂತಿದ್ದೀರಿ. ನಾನು ಕೂಗಿದ್ದು ನನ್ನಿಷ್ಟ. ಕೂಗದೆ ಇದ್ದಿದ್ರೆ ಗಂಟಲು ಉಳೀತಿತ್ತು. ಆ ಗಂಟಲಿಟ್ಕೊಂಡು ಆಮೇಲೆ ಯಾರನ್ನ ಕರೀಲಿ?”

ನಾನು ಓದಿದೆ. ಇನ್ನೊಮ್ಮೆ ಓದಿದೆ. ಕನ್ನಡಕ ತೆಗೆದು ಒರೆಸಿಕೊಂಡೆ.

ಅವಳು ಪುಟವನ್ನು ತನ್ನ ಕಡೆ ತಿರುಗಿಸಿಕೊಂಡು ಕೆಳಗೆ ಸೇರಿಸಿದಳು: “ಕ್ರೇನಿನ ಕಥೆ ಅರ್ಧಕ್ಕೇ ನಿಂತಿದೆ. ಮ್ಯಾನೇಜರ್ ಕೆಳಗಿಳಿದ್ನಾ ಇಲ್ವಾ?”

“ಇಳಿದ” ಎಂದೆ. “ಊಟದ ಬುಟ್ಟಿನ ಹಗ್ಗ ಕಟ್ಟಿ ಮೇಲೆ ಕಳಿಸಿದ್ವಿ. ಎಲ್ಲಾ ತಿಂದು ಆಮೇಲೆ ಇಳಿದ.”

ಮಾರ್ಚ್ ೩೦, ಭಾನುವಾರ

ಬ್ಯಾಗಿನ ಮುಂಭಾಗಕ್ಕೆ ಅವಳು ಹೊಸ ಚಿತ್ರ ಹಾಕಿದ್ದಾಳೆ. ಅಂಗಡಿಯ ಹೂವಿಲ್ಲ. ನಮ್ಮ ಹಿತ್ತಲಿನ ಗೋಡೆಯ ಬಿರುಕಿನಲ್ಲಿ ಬೆಳೆಯುತ್ತದಲ್ಲ, ಯಾರೂ ಹೆಸರಿಡದ ಒಂದು ಕಳೆ, ಮೂಗುಬೊಟ್ಟಿನಷ್ಟು ಸಣ್ಣ ಹೂವಿನದು, ಅದೇ. ನಾನು ವಾರಕ್ಕೊಮ್ಮೆ ಕಿತ್ತೆಸೆಯುತ್ತಿದ್ದೆ. ಇವತ್ತು ಅದನ್ನು ಕಿತ್ತು ತಂದು ಭೂತಗನ್ನಡಿ ಹಿಡಿದು ಎಸಳು ಎಣಿಸಿದೆ. ಐದು. ಐದಕ್ಕೂ ತುದಿಯಲ್ಲಿ ಒಂದು ಸೀಳು. ಆ ಸೀಳಿಗೆ ಸರಿಯಾದ ಅರ ನನ್ನಲ್ಲಿರಲಿಲ್ಲ. ಗರಗಸದ ಹಳೆಯ ಬ್ಲೇಡನ್ನು ಸಾಣೆ ಹಿಡಿದು ತೆಳ್ಳಗೆ ಮಾಡಿಕೊಂಡೆ.

ಐದು ಅಚ್ಚು ಕೆಟ್ಟವು. ಆರನೆಯದನ್ನು ಅವಳು ತೊಗಲಿನ ಮೇಲೆ ಹೊಡೆದು ಕಿಟಕಿಯ ಬೆಳಕಿಗೆ ಹಿಡಿದಳು, ನನ್ನ ಕಡೆ ನೋಡಿದಳು. ನನ್ನ ತಲೆಗೂದಲಲ್ಲಿ ಸಿಕ್ಕಿದ್ದ ಕಬ್ಬಿಣದ ಪುಡಿಯನ್ನು ಊದಿದಳು.

ಏಪ್ರಿಲ್ ೭, ಸೋಮವಾರ

ಎಂಟು ದಿನ ಬರೆಯಲು ಆಗಲಿಲ್ಲ. ಬೆಳಿಗ್ಗೆ ಪೇಪರ್ ಓದಿ ಹೇಳಬೇಕು, ಆಮೇಲೆ ಕೆಲಸ, ಆಮೇಲೆ ನಾದಿನಿಗೆ ಫೋನು. ಅವಳೇ ಮಾಡಲೆಂದು ಕಾಯುವುದೇಕೆ? ಟೈಲರಮ್ಮ ದಾರಿಯಲ್ಲಿ ಸಿಕ್ಕಿ “ಅಕ್ಕ ಹೇಗಿದ್ದಾರೆ?” ಎಂದು ಕೇಳಿದಳು. ಹೇಳಿ ಮುಗಿಸುವಷ್ಟರಲ್ಲಿ ಅವಳ ಅಂಗಡಿ ತೆರೆಯುವ ಹೊತ್ತು ಮೀರಿತ್ತಂತೆ. ಮೊದಲೇ ಹೇಳಬಾರದೇ?

ಬ್ಯಾಗು ಮುಗಿಯಿತು. ಇಪ್ಪತ್ತಮೂರು ಹೂವು, ನಡುವೆ ಎಡಕ್ಕೂ ಬಲಕ್ಕೂ ಬಾಗಿದ ಎಲೆ. ಬ್ಯಾಂಕಿನವರು ಬಂದು ಮಡಿಲಲ್ಲಿಟ್ಟುಕೊಂಡು ಬೆರಳಾಡಿಸಿದರು. “ಇದು ಯಾವ ಹೂವು ಮೇಡಂ? ಎಲ್ಲೋ ನೋಡಿದೀನಲ್ಲ?”

ಅವಳು ಹಿತ್ತಲಿನ ಗೋಡೆಯ ಕಡೆ ಕೈ ತೋರಿಸಿದಳು.

ಏಪ್ರಿಲ್ ೧೭, ಗುರುವಾರ

ಡಾಕ್ಟರಮ್ಮ ಕೊಳವೆ ಇಳಿಸಿ ನೋಡಿ, “ಮಾಯ್ದಿದೆ” ಎಂದರು. “ಎಲ್ಲಿ, ಈಗ ಮೆಲ್ಲಗೆ ನಿಮ್ಮ ಹೆಸರು ಹೇಳಿ ನೋಡೋಣ.”

ಅವಳು ಬಾಯಿ ತೆರೆದಳು. ಮುಚ್ಚಿದಳು. ನಾನು ಡಾಕ್ಟರಮ್ಮನಿಗೆ ನಡುವಿನ ವಿಷಯವನ್ನೆಲ್ಲ ತಿಳಿಸುವುದು ಒಳ್ಳೆಯದೆಂದು, ಬಿಸಿನೀರಿನ ಹಬೆ ದಿನಕ್ಕೆ ಮೂರು ಸಲ ಕೊಟ್ಟದ್ದು, ಕೆಮ್ಮು ಬಂದದ್ದು ಒಂದೇ ಸಲ, ಅದೂ ಧೂಳಿಗೆ, ಆ ಧೂಳು ಯಾಕೆ ಬಂತೆಂದರೆ ನಾನು ಎಮರಿ ಕಾಗದದಿಂದ...

“ರೀ, ಸ್ವಲ್ಪ ಸುಮ್ಮನಿರ್ತೀರಾ? ನನ್ನನ್ನ ಕೇಳ್ತಿದ್ದಾರೆ.”

ಡಾಕ್ಟರಮ್ಮ ನಕ್ಕರು. ನಾನು ನಗಲಿಲ್ಲ. ಆ ಧ್ವನಿ ಯಾರದೆಂದು ನೋಡುತ್ತಿದ್ದೆ. ಅವಳ ಧ್ವನಿ ಉಕ್ಕಿನ ತಟ್ಟೆ ಬಿದ್ದಂತೆ ಖಣಿಲು ಎನ್ನುತ್ತಿತ್ತು. ಮೂರನೆಯ ಮನೆಗೆ ಕೇಳುತ್ತಿತ್ತು. ಇದು ತಗ್ಗಿನ ಧ್ವನಿ, ಒರಟು, ಹೊಸ ಅರವನ್ನು ಹಸಿ ಕಬ್ಬಿಣದ ಮೇಲೆ ಮೊದಲ ಸಲ ಎಳೆದಂತೆ. ಅವಳೂ ಕೇಳಿಸಿಕೊಂಡಳು. ಮುಖ ಬಿಳುಚಿತು.

“ಇನ್ನು ಇದೇ ನಿಮ್ಮ ಧ್ವನಿ ಅಂದ್ಕೊಳ್ಳಿ” ಎಂದರು ಡಾಕ್ಟರಮ್ಮ, ಮೃದುವಾಗಿಯೇ. “ಇನ್ಮೇಲೆ ಯಾವತ್ತೂ ಕೂಗೋ ಹಾಗಿಲ್ಲ. ಸದ್ಯಕ್ಕೆ ದಿನಕ್ಕೆ ಹತ್ತು ನಿಮಿಷ ಮಾತ್ರ ಮಾತಾಡಿ.”

ಏಪ್ರಿಲ್ ೨೨, ಮಂಗಳವಾರ

ಹತ್ತು ನಿಮಿಷವನ್ನು ಅವಳು ಹೇಗೆ ಖರ್ಚು ಮಾಡುತ್ತಾಳೆ ಎಂದರೆ: ತರಕಾರಿಯವನ ಹತ್ತಿರ ಒಂದು, ನಾದಿನಿಯ ಹತ್ತಿರ ಎಂಟು. ನನ್ನ ಪಾಲಿಗೆ ಒಂದು. ಅದರಲ್ಲೂ ಅರ್ಧ “ಟವೆಲ್ ಎಲ್ಲಿ ಬಿಸಾಕಿದ್ರಿ?” ಎಂಬುದಕ್ಕೆ.

ಇವತ್ತು ಯಾರೋ ಬ್ಯಾಗಿನ ವಿಷಯಕ್ಕೆ ಫೋನು ಮಾಡಿದರು. ನಾನು ಸ್ನಾನಕ್ಕೆ ಹೋಗಿದ್ದೆ, ಅವಳೇ ಎತ್ತಿದ್ದಾಳೆ. ಆ ಕಡೆಯವರು, “ಸಾರ್, ಸ್ವಲ್ಪ ಮೇಡಂಗೆ ಕೊಡ್ತೀರಾ?” ಎಂದರಂತೆ. ನಾನು ಬರುವಾಗ ಫೋನು ಮೇಜಿನ ಮೇಲೆ ಬೋರಲು ಬಿದ್ದಿತ್ತು. ಅವಳು ಅಡುಗೆಮನೆಯಲ್ಲಿ ಈಗಾಗಲೇ ತೊಳೆದಿದ್ದ ಲೋಟಗಳನ್ನು ಮತ್ತೆ ತೊಳೆಯುತ್ತಿದ್ದಳು.

“ಶನಿವಾರದ ಕ್ಲಾಸು ನೀವೇ ತಗೊಳ್ಳಿ” ಎಂದಳು. “ನಾನು ಒಳಗಿರ್ತೀನಿ. ಈ ಗಂಟಲಿಟ್ಕೊಂಡು ಅವರ ಮುಂದೆ ನಿಲ್ಲಲ್ಲ.”

ನನಗೆ ಈ ಧ್ವನಿಯೇ ಇಷ್ಟ ಎಂದೆ. ನಂಬಲಿಲ್ಲ. ಸಮಾಧಾನಕ್ಕೆ ಹೇಳಿದ್ದಲ್ಲ. ಮೊದಲಿನದನ್ನು ಕೇಳಲು ಹತ್ತಿರ ಹೋಗಬೇಕಾಗಿರಲಿಲ್ಲ. ಇದನ್ನು ಕೇಳಲು ಹೋಗಬೇಕು.

ಏಪ್ರಿಲ್ ೨೬, ಶನಿವಾರ

ತರಗತಿ ಶುರುವಾಯಿತು. ಹಳೆಯ ಐವರು, ಜೊತೆಗೆ ಹೊಸಬಳೊಬ್ಬಳು, ಬೇಕರಿಯಲ್ಲಿ ಕೆಲಸ ಮಾಡುವವಳು. ಎಲ್ಲರಿಗೂ ಒಂದೊಂದು ಮೊಳೆ ಕೊಟ್ಟೆ. ಅವರವರ ಅಚ್ಚು ಅವರವರೇ ಮಾಡಬೇಕೆಂದು ಅವಳು ಒಳಗಿನಿಂದ ಚೀಟಿ ಕಳಿಸಿದ್ದಳು.

ಮೊಳೆ ಉಜ್ಜುವತನಕ ಚೆನ್ನಾಗಿಯೇ ನಡೆಯಿತು. ನಾನು ವಿವರಿಸಿದೆ, ಅವರು ಆಕಳಿಸುತ್ತ ಕೇಳಿದರು. ಆದರೆ ತೊಗಲಿನ ಮೇಲೆ ಹೊಡೆಯಲು ತೊಡಗಿದ ಮೇಲೆ ನನ್ನ ಕೈಮೀರಿತು. ಒಬ್ಬರದು ತೀರಾ ಒದ್ದೆ, ಇನ್ನೊಬ್ಬರದು ಒಣಗಿ ಹಲಗೆಯಾಗಿದೆ, ಹೊಸಬಳು ಅಚ್ಚನ್ನು ಓರೆ ಹಿಡಿದಿದ್ದಾಳೆ. ಆರು ಕೊಡತಿಗಳ ಸದ್ದಿನಲ್ಲಿ ನಾನು ಹೇಳುವುದು ನನಗೇ ಕೇಳಿಸಲಿಲ್ಲ.

ಆಗ ಅವಳು ಬಂದು ಬಾಗಿಲ ಬಳಿ ನಿಂತಳು. ಮೆಲ್ಲಗೆ ಏನೋ ಹೇಳಿದಳು. ಯಾರಿಗೂ ಕೇಳಿಸಲಿಲ್ಲ. ಮೊದಲಾಗಿದ್ದರೆ ಇಲ್ಲಿ ಒಂದು ಕೂಗು ಬೀಳುತ್ತಿತ್ತು. ಅವಳು ಕೂಗಲಿಲ್ಲ, ಸೆರಗು ಬೆರಳಿಗೆ ಸುತ್ತಿಕೊಂಡು ವಾಪಸು ತಿರುಗಿದಳು. ಅಷ್ಟರಲ್ಲಿ ಟೈಲರಮ್ಮ ತಲೆ ಎತ್ತಿದಳು. ಅವಳ ತುಟಿ ಆಡಿದ್ದನ್ನು ಕಂಡಳೋ ಏನೋ, ಕೊಡತಿ ಕೆಳಗಿಟ್ಟು ಪಕ್ಕದವಳ ಕೈ ಹಿಡಿದಳು. ಆಕೆ ನಿಲ್ಲಿಸಿದಳು. ಬ್ಯಾಂಕಿನವರು ನಿಲ್ಲಿಸಿದರು. ಒಂದೊಂದಾಗಿ ಆರೂ ಕೊಡತಿ ನಿಂತವು. ಕೋಣೆ ಪೂರ್ತಿ ನಿಶ್ಶಬ್ದವಾಯಿತು.

“ಏನಕ್ಕ ಅಂದ್ರಿ?” ಟೈಲರಮ್ಮ ಕೇಳಿದಳು.

ಅವಳು ನನ್ನನ್ನು ನೋಡಿದಳು. ಆಮೇಲೆ ಹೇಳಿದಳು, ಅದೇ ತಗ್ಗಿನ ಧ್ವನಿಯಲ್ಲಿ: “ತೊಗಲನ್ನ ಕೆನ್ನೆಗೆ ಒತ್ಕೊಂಡು ನೋಡಿ. ತಂಪು ಇರ್ಬೇಕು. ಒದ್ದೆ ಇರ್ಬಾರದು.”

ಆರು ಹೆಂಗಸರೂ ತೊಗಲಿನ ಚೂರನ್ನು ಕೆನ್ನೆಗೆ ಒತ್ತಿಕೊಂಡು ಅವಳನ್ನೇ ನೋಡುತ್ತ ಕೂತರು. ಬೇಕರಿಯವಳು ಪಕ್ಕದವಳನ್ನು ಪಿಸುಮಾತಿನಲ್ಲಿ ಕೇಳಿದಳು: “ಮೇಡಂ ಮೊದಲಿಂದಾನೂ ಇಷ್ಟೇ ಮೆತ್ತಗೆ ಮಾತಾಡೋದಾ?”

ಟೈಲರಮ್ಮ ನಕ್ಕದ್ದು ಬೀದಿಗೆ ಕೇಳಿಸಿರಬೇಕು. ನನ್ನ ಹೆಂಡತಿಯೂ ನಕ್ಕಳು. ಈ ಸಲ ಸದ್ದು ಮಾಡಿಯೇ.

ಏಪ್ರಿಲ್ ೨೭, ಭಾನುವಾರ

ಬೆಳಿಗ್ಗೆ ತರಕಾರಿಯವನು ಬಂದಾಗ ಅವಳು ಬೆರಳಲ್ಲೇ ಲೆಕ್ಕ ಹೇಳಿ ಕಳಿಸಿದಳು. ನಾದಿನಿಯ ಫೋನಿಗೆ ನನ್ನನ್ನೇ ಮಾತಾಡಲು ಹೇಳಿದಳು. ಯಾಕೆಂದು ಗೊತ್ತಾಗಲಿಲ್ಲ. ಮಧ್ಯಾಹ್ನ ನಾನು ಮೇಜಿನ ಮೇಲೆ ಕಬ್ಬಿಣದ ಪುಡಿ ಗುಡಿಸುತ್ತಿದ್ದಾಗ ಎದುರು ಬಂದು ಕೂತಳು. ಗಡಿಯಾರ ನೋಡಿಕೊಂಡಳು.

“ಇವತ್ತಿನ ಹತ್ತೂ ನಿಮಿಷ ಉಳಿಸಿಟ್ಟಿದ್ದೀನಿ. ನಿಮಗೇ” ಎಂದಳು.

ನಾನು ಪೊರಕೆ ಕೆಳಗಿಟ್ಟೆ.

“ಆಪರೇಷನ್ನಿಗೆ ಕರ್ಕೊಂಡು ಹೋಗೋವಾಗ ನಾನು ನಿಮ್ಮನ್ನ ಏನು ಕೇಳ್ದೆ, ನೆನಪಿದ್ಯಾ?”

ನೆನಪಿರಲಿಲ್ಲ.

“‘ಒಣಗಿರೋ ಬಟ್ಟೆ ಒಳಗೆ ತಂದ್ರಾ?’ ಅಂತ ಕೇಳ್ದೆ. ನೀವು ‘ಹೂಂ’ ಅಂದ್ರಿ. ಬಾಗಿಲು ಮುಚ್ಚಿದ್ರು. ಒಳಗೆ ಆ ದೊಡ್ಡ ದೀಪದ ಕೆಳಗೆ ಮಲಗಿದ ಮೇಲೆ ಅನ್ನಿಸ್ತು, ಅಯ್ಯೋ, ಧ್ವನಿ ವಾಪಸ್ ಬರ್ದೇ ಹೋದ್ರೆ ನಾನು ಇವರ ಹತ್ರ ಆಡಿದ ಕೊನೇ ಮಾತು ಬಟ್ಟೆ ವಿಷಯ ಆಗಿಬಿಡುತ್ತಲ್ಲಾ ಅಂತ. ಇಷ್ಟು ವರ್ಷ ದಿನಾ ಮಾತಾಡಿದ್ದೀನಿ. ಹಾಲು, ಬಟ್ಟೆ, ನೀರಿನ ಟ್ಯಾಂಕು. ಹೇಳ್ಬೇಕಾದ್ದು ಒಂದೂ ಹೇಳಿಲ್ಲ ಅನ್ನಿಸ್ತು. ಎದ್ದು ಬಂದು ಹೇಳಿ ಹೋಗ್ಲಾ ಅಂದ್ಕೊಂಡೆ, ಅಷ್ಟರಲ್ಲಿ ಮತ್ತು ಬಂತು. ಎಚ್ಚರ ಆದಾಗ ಬಾಯಿ ತೆರೆಯೋ ಹಾಗಿರ್ಲಿಲ್ಲ. ನೋಟ್‌ಬುಕ್ಕಲ್ಲಿ ಬರೀಬಹುದಿತ್ತು. ಎರಡು ಸಲ ಬರೆದು ಹರಿದುಹಾಕಿದೆ. ಅದು ಬರೆಯೋ ಮಾತಲ್ಲ ರೀ.”

ಅವಳು ನೀರು ಕುಡಿದಳು. ಆಮೇಲೆ ಹೇಳಿದಳು.

ಹೇಳಿದ್ದನ್ನು ಇಲ್ಲಿ ಬರೆಯುವುದಿಲ್ಲ. ಅವಳೇ ಹೇಳಿದಳಲ್ಲ, ಅದು ಬರೆಯುವ ಮಾತಲ್ಲ. ನಾನು ನಡುವೆ ಬಾಯಿ ಹಾಕಲಿಲ್ಲ. ‘ಹೂಂ’ ಕೂಡ ಅನ್ನಲಿಲ್ಲ. ಆ ಒರಟು ಧ್ವನಿಯ ಒಂದಕ್ಷರವೂ ತಪ್ಪದಂತೆ ಮೇಜಿನ ಮೇಲೆ ಬಗ್ಗಿ ಕೇಳುತ್ತಿದ್ದೆ. ಕಬ್ಬಿಣದ ಪುಡಿ ಮೊಣಕೈಗೆಲ್ಲ ಮೆತ್ತಿತ್ತು.

ಹತ್ತು ನಿಮಿಷಕ್ಕೆ ಸರಿಯಾಗಿ ಅವಳು ಅರ್ಧ ವಾಕ್ಯದಲ್ಲಿ ಗಡಿಯಾರ ನೋಡಿ ಬಾಯಿ ಮುಚ್ಚಿದಳು. ಪೂರ್ತಿ ಮಾಡೆಂದು ನಾನು ಗೋಗರೆದೆ. ಡಾಕ್ಟರಮ್ಮನ ಆಜ್ಞೆ ಎಂಬಂತೆ ಗಂಟಲ ಮೇಲೆ ಬೆರಳಿಟ್ಟು ತೋರಿಸಿ, ಎದ್ದು ಮುಂದಿನ ಕೋಣೆಗೆ ಹೋದಳು.

ಈಗ ಅಲ್ಲಿಂದ ಕೊಡತಿಯಿಂದ ಹಲಗೆ ತಟ್ಟುತ್ತಿದ್ದಾಳೆ. ಎರಡು ಸಲ, ಸ್ವಲ್ಪ ಬಿಟ್ಟು ಮತ್ತೆರಡು ಸಲ. ನನ್ನನ್ನೇ ಕರೆಯುತ್ತಿದ್ದಾಳೆ. ಹೋಗುತ್ತೇನೆ.